ಹೆಂಜೇರಿನಿಂದ ನಿಡುಗಲ್ಲಿಗೆ

ಪರ್ವತಾರೋಹಣವೆಂದೊಡನೆ ನಮ್ಮವರಲ್ಲಿ ಹಲವರಿಗೆ ಹಿಮಾಲಯವೇ ಕಣ್ಣಮುಂದೆ ನಿಲ್ಲುತ್ತದೆ. 1953ರ ಮೇ 29ರಂದು ತೇನ್‌ಸಿಂಗರೂ ಹಿಲರಿಯವರೂ ಎವರೆಸ್ಟನ್ನೇರಿದರು. ಅದೇ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ರಚನೆಯಾಗಿ, ಅದುವರೆಗೆ ಮದರಾಸು ರಾಜ್ಯದಲ್ಲಿದ್ದ ಮಡಕಶಿರಾ, ರಾಯದುರ್ಗ ಸೀಮೆಗಳು ಅದರೊಳಗೆ ಸೇರಿದವು. ನಮ್ಮ ಹಿರಿಯರು ಆ ವರ್ಷ ಯಾವ ಸುದ್ದಿಯನ್ನು ಹೆಚ್ಚಾಗಿ ಮಾತಾಡಿಕೊಂಡರೆಂಬುದನ್ನು ವಾಚಕರೇ ಊಹಿಸಬಹುದು. ಆದರೆ ಬೆಟ್ಟವೇರಲು ಹಿಮಾಲಯದವರೆಗೆ ಹೋಗಬೇಕಾಗಿಲ್ಲ. ಉಪಾಧ್ಯಾಯರು, ಗುಮಾಸ್ತರು, ಗೃಹಿಣಿಯರು, ಶಾಲಾಮಕ್ಕಳು ಸೇರಿದ ನಮ್ಮ ಚಿಕ್ಕ ಚಾರಣ ಬಳಗವು ಒಂದು ಶನಿವಾರ ಹೇಮಾವತಿಯಲ್ಲಿ ತಂಗಿ, ಭಾನುವಾರ ನಿಡುಗಲ್ಲು ದುರ್ಗವನ್ನೇರಿ ಬಂದಿತು.

ಹೇಮಾವತಿಯ ಹಳೆಯ ಹೆಸರು ಹೆಂಜೇರು. ಒಂದು ಕಾಲಕ್ಕೆ ನೊಳಂಬವಾಡಿ ಮೂವತ್ತೆರಡು ಸಾಸಿರವನ್ನಾಳಿದ ನೊಳಂಬ ಪಲ್ಲವರ ರಾಜಧಾನಿ. ಇಂದು ಶ್ರೀ ಸತ್ಯಸಾಯಿ ಜಿಲ್ಲೆಯ ಅಮರಾಪುರಂ ಮಂಡಲದ ಒಂದು ಹಳ್ಳಿ. 2022ರವರೆಗೆ ಅನಂತಪುರ ಜಿಲ್ಲೆಗೆ ಸೇರಿತ್ತು. ದೊಡ್ಡೇಶ್ವರನ ಗುಡಿಯ ಮುಂದಿನ ನಂದಿಯನ್ನು ಕಂಡಾಗ ನಮ್ಮ ಜೊತೆಯ ಮಕ್ಕಳು ತಾವಾಗಿಯೇ ಮಾತು ನಿಲ್ಲಿಸಿದರು. ನುಣುಪಾದ ಕರಿಕಲ್ಲು, ಅದರಲ್ಲಿ ಕಂಡರಿಸಿದ ಜಾಲಂಧ್ರಗಳು. ಕಲ್ಲನ್ನು ಬಳ್ಳಿಯಂತೆ ಬಾಗಿಸಿ, ಬೆಳಕು ತೂರಿಬರುವಷ್ಟೇ ಕಿಂಡಿ ಬಿಟ್ಟು, ನಡುವೆ ದೇವತೆಗಳನ್ನು ಕೂರಿಸಿದ ಆ ಕೈಗಳಿಗೆ ಎಷ್ಟು ನಮಸ್ಕರಿಸಿದರೂ ಸಾಲದು. ಸಿದ್ಧೇಶ್ವರನ ಗುಡಿಯಲ್ಲಂತೂ ಶಿವನು ಲಿಂಗರೂಪದಲ್ಲಿಲ್ಲ. ಆಸೀನನಾದ ಮೂರ್ತಿಯಾಗಿಯೇ ಪೂಜೆಗೊಳ್ಳುತ್ತಾನೆ. ಇದು ಅಪರೂಪ.

ಆದರೆ ಹೆಂಜೇರನ್ನು ಪೂರ್ತಿಯಾಗಿ ನೋಡಬೇಕೆಂದರೆ ಹೆಂಜೇರಿಗಷ್ಟೇ ಬಂದರೆ ಸಾಲದು. ಗಂಗರ ಮಾರಸಿಂಹನು ಹತ್ತನೆಯ ಶತಮಾನದಲ್ಲಿ ‘ನೊಳಂಬಕುಲಾಂತಕ’ನೆಂದು ಬಿರುದು ಧರಿಸಿದ, ಬಳಿಕ ಚೋಳರು ಬಂದರು. ತಂಜಾವೂರಿನ ಬಳಿಯ ತಿರುವಯ್ಯಾರಿನ ದೇವಾಲಯದಲ್ಲಿ ಇಂದಿಗೂ ನೊಳಂಬರ ಕರಿಕಲ್ಲಿನ ಕಂಬಗಳ ಸಾಲೇ ಇದೆ. ಗೆದ್ದವರು ಹೊತ್ತೊಯ್ದವು ಅವೆಂದು ವಿದ್ವಾಂಸರ ಅಭಿಪ್ರಾಯ. ಇನ್ನು ಕೆಲವು ಶಿಲ್ಪಗಳು ಮದರಾಸಿನ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳನ್ನು ಕುರಿತು ಸಿ. ಶಿವರಾಮಮೂರ್ತಿಯವರು ಒಂದು ಪುಸ್ತಕವನ್ನೇ ಬರೆದಿದ್ದಾರೆ. ಹಾಳಾಗದೆ ಉಳಿದವಲ್ಲಾ ಎಂದು ಸಂತೋಷಪಡಬೇಕೋ, ಇಲ್ಲಿಲ್ಲವಲ್ಲಾ ಎಂದು ಕೊರಗಬೇಕೋ? ರಾತ್ರಿ ಮುದ್ದೆಯೂಟದ ನಂತರ ಇದೇ ಚರ್ಚೆ ಬಹಳ ಹೊತ್ತು ನಡೆಯಿತು. ಹೆಂಗಸರು ಎರಡನೆಯ ಪಕ್ಷ.

ಹೊತ್ತೊಯ್ಯಲಾಗದ್ದು ಬೆಟ್ಟ. ನೊಳಂಬರ ಕಾಲ ಕಳೆದ ಮೇಲೆ, ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ, ಕರಿಕಾಲ ಚೋಳನ ವಂಶಜರೆಂದು ಹೇಳಿಕೊಂಡ ಇರುಂಗೋಳ ಅರಸರಿಗೆ ಹೆಂಜೇರು ಪಟ್ಟಣವಾಯಿತು, ನಿಡುಗಲ್ಲು ದುರ್ಗವಾಯಿತು. ಊರಿನಲ್ಲಿ ಆಳ್ವಿಕೆ, ಬೆಟ್ಟದಲ್ಲಿ ಆಸರೆ. ಇಂದು ಊರು ಆಂಧ್ರದಲ್ಲಿದೆ, ಬೆಟ್ಟವು ಕರ್ನಾಟಕದ ಪಾವಗಡ ತಾಲ್ಲೂಕಿನಲ್ಲಿದೆ. ಹೇಮಾವತಿಯ ಮಗುವಿಗೆ ನಿಡುಗಲ್ಲು ಪರರಾಜ್ಯದ ಬೆಟ್ಟ. ಪಾವಗಡದ ಮಗುವಿಗೆ ಹೆಂಜೇರು ಪರರಾಜ್ಯದ ಊರು. ಒಂದೇ ಮನೆತನದ ಕಥೆಯ ಎರಡು ಭಾಗಗಳು ಎರಡು ರಾಜ್ಯಗಳ ಪಾಲಾಗಿವೆ.

ನಸುಕಿನಲ್ಲಿಯೇ ಹೊರಟು ಬೆಟ್ಟದ ಬುಡ ಸೇರಿದೆವು. ‘ನಿಡು’ ಎಂದರೆ ನೀಳವಾದದ್ದು, ಹೆಸರು ಸುಳ್ಳಲ್ಲ. ಬುಡದಲ್ಲಿ ಆಡು ಮೇಯಿಸುತ್ತಿದ್ದ ವೃದ್ಧರೊಬ್ಬರು ಯಾವ ಊರೆಂದು ತೆಲುಗಿನಲ್ಲಿ ವಿಚಾರಿಸಿದರು. ಕರ್ನಾಟಕದ ನೆಲದ ಮೇಲೆ ನಿಂತವರು ತೆಲುಗಿನಲ್ಲಿ ಕೇಳಿದರು. ಆಂಧ್ರದಿಂದ ಬಂದ ನಾವು ಕನ್ನಡದಲ್ಲಿ ಉತ್ತರಿಸಿದೆವು. ಗಡಿ ಎಳೆದವರು ಅಲ್ಲಿ ನಿಂತು ಕೇಳಬೇಕಾಗಿತ್ತು! ಹೇಮಾವತಿಯೆಂದು ತಿಳಿದೊಡನೆ ಅವರು ಕನ್ನಡಕ್ಕೆ ಹೊರಳಿದರು: “ಅಂಗಾದ್ರೆ ದೂರದೋರಲ್ಲ ಬಿಡಿ ಸ್ವಾಮಿ. ನೀರು ತಂದೀರಾ? ಮ್ಯಾಲೆ ದೊಣೆ ಐತೆ, ಮಕ್ಕಳನ್ನ ಇಳಿಸಬ್ಯಾಡಿ.”

“ಇಳಿಸೋದಿಲ್ಲ ತಾತ” ಎಂದು ಮಾತು ಕೊಟ್ಟು ಹತ್ತತೊಡಗಿದೆವು. ಬಂಡೆಗಳ ನಡುವಿನ ಮೆಟ್ಟಿಲು, ಕೋಟೆಗೋಡೆ, ಮತ್ತೆ ಮೆಟ್ಟಿಲು. ಹೊತ್ತೇರಿದಂತೆ ಬಂಡೆ ಕಾಯತೊಡಗಿ ಮಾತು ಕಡಿಮೆಯಾಯಿತು. ಈ ಒಣಸೀಮೆಯಲ್ಲಿ ಗೋಡೆ ಎಷ್ಟೇ ದಪ್ಪವಿದ್ದರೇನು, ದೊಣೆಯಲ್ಲಿ ಮಳೆನೀರು ನಿಲ್ಲದಿದ್ದರೆ ದುರ್ಗವು ಹತ್ತು ದಿನವೂ ನಿಲ್ಲದು. ಕಲ್ಲಿನ ಇಳಿಜಾರಿನ ಮೇಲೆ ಬಿದ್ದ ನೀರು ತಾನಾಗಿ ಹರಿದು ತಂಗುವ ಎಡೆಗಳನ್ನು ಗುರುತಿಸಿ ಕಾಪಾಡಿದವರ ಜಾಣ್ಮೆಯನ್ನು, ಕೊಳವೆಬಾವಿ ಎಷ್ಟು ಆಳ ಕೊರೆದರೂ ದೂಳೇ ಏಳುವುದನ್ನು ಕಂಡ ನಮ್ಮ ರೈತ ಕುಟುಂಬಗಳಿಗೆ ವಿವರಿಸಬೇಕಾಗಿಲ್ಲ.

ಈ ಬೆಟ್ಟದ ಮೇಲೆಯೇ 1232ರಲ್ಲಿ ಗಂಗೇಯನ ಮಾರೆಯನೆಂಬವನು ಪಾರ್ಶ್ವಜಿನನ ಬಸದಿಯನ್ನು ಕಟ್ಟಿಸಿದ ಸಂಗತಿಯು ಶಾಸನಗಳಿಂದ ತಿಳಿಯುತ್ತದೆ. ಶೈವ ಗುಡಿಗಳೂ ಇವೆ. ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿ ಓದುತ್ತಿರುವ ನಮ್ಮ ಹುಡುಗಿಯೊಬ್ಬಳು ಹಿಂದಿನ ಸಂಜೆ ಹೇಮಾವತಿಯ ಶಾಸನದಲ್ಲಿ ಕಷ್ಟಪಟ್ಟು ಎರಡು ಅಕ್ಷರ ಗುರುತಿಸಿದ್ದಳು. ಇಲ್ಲಿಯೂ ಅವಳ ಕಣ್ಣು ನೋಟದ ಮೇಲಿರಲಿಲ್ಲ, ಬಂಡೆಗಳ ಮೇಲಿತ್ತು. ಹಳಗನ್ನಡ ಲಿಪಿಯನ್ನು ಕಲಿಸುವವರು ರಜೆಯಲ್ಲಿ ಎಂಟು ದಿನ ನಮ್ಮ ಕಡೆಯ ಶಾಲೆಗಳಿಗೆ ಬಂದರೆ ಎಷ್ಟು ಉಪಕಾರವಾದೀತು! ನಮ್ಮ ಸೀಮೆಯ ಕೋಟೆಗಳಲ್ಲಿ ನಿಧಿಯಾಸೆಗೆ ಗುಂಡಿ ತೋಡುವವರಿಗೆ ಮಾತ್ರ ಯಾವ ಲಿಪಿಯೂ ಬೇಕಾಗಿಲ್ಲ.

ಹೋಗಬಯಸುವ ಕುಟುಂಬಗಳಿಗೆ ಎರಡು ಮಾತು. ಮಳೆಗಾಲ ಕಳೆದ ಮೇಲೆ, ಕಾರ್ತೀಕದಿಂದ ಮಾಘದವರೆಗೆ, ಹೋಗುವುದು ಲೇಸು. ತಲೆಗೊಬ್ಬರಿಗೆ ಎರಡು ಲೀಟರಿಗೆ ಕಡಿಮೆಯಿಲ್ಲದಂತೆ ನೀರಿರಲಿ. ಮೊದಲು ಹೆಂಜೇರನ್ನು ನೋಡಿ, ಆಮೇಲೆ ಬೆಟ್ಟ ಹತ್ತಿರಿ. ನಮ್ಮ ಬಳಗ ಮುಂದಿನ ತಿಂಗಳು ರೊಳ್ಳ ಮಂಡಲದ ರತ್ನಗಿರಿಗೆ ಹೊರಡಲಿದೆ. ಈ ಸಲ ಪಾವಗಡದ ಕಡೆಯ ಮಕ್ಕಳನ್ನೂ ಕರೆಯಬೇಕೆಂದು ನಿಶ್ಚಯಿಸಿದ್ದೇವೆ.