ಆಕೆಯ ಮಾತೂ ಒಂದಿಷ್ಟು ಇರಲಿ

ಹರೆಯದ ಮಕ್ಕಳಿರುವ ಮನೆಯಲ್ಲಿ ಹಾಡಿನ ಗದ್ದಲ ತಪ್ಪಿದ್ದಲ್ಲ. ನಮ್ಮ ಕಾಲಕ್ಕೆ ಕ್ಯಾಸೆಟ್ ಇತ್ತು, ಈಗ ಮೊಬೈಲ್ ಬಂದಿದೆ. ಪೇಟೆಯ ಅಂಗಡಿಗೆ ಖಾಲಿ ಕ್ಯಾಸೆಟ್ ಕೊಟ್ಟು, ಬೇಕಾದ ಹಾಡುಗಳ ಚೀಟಿ ಬರೆದುಕೊಟ್ಟು ತುಂಬಿಸಿಕೊಳ್ಳುತ್ತಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಹಾಗೆ ಆರಿಸಿ ತುಂಬಿದ ಕ್ಯಾಸೆಟ್ಟಿಗೆ ಅಮೇರಿಕದಲ್ಲಿ ‘ಮಿಕ್ಸ್‌ಟೇಪ್’ ಎನ್ನುತ್ತಿದ್ದರು. ಈಗ ಕ್ಯಾಸೆಟ್ ಹೋಗಿ ಹೆಸರು ಉಳಿದಿದೆ. ಕಂಪನಿಯ ಹಂಗಿಲ್ಲದೆ ಹುಡುಗರು ತಾವೇ ಹಾಡಿ, ಹಾಡುಗಳನ್ನು ಮಾಲೆಯಂತೆ ಪೋಣಿಸಿ ಬಿಟ್ಟರೆ ಅದೇ ಮಿಕ್ಸ್‌ಟೇಪ್.

ರಾಮದುರ್ಗದಲ್ಲಿರುವ ನನ್ನ ತಂಗಿಯ ಮಗನೂ ಇಂಥದೊಂದನ್ನು ಮಾಡಿದ್ದಾನೆ. ಯುಗಾದಿಗೆಂದು ಬೈಲಹೊಂಗಲಕ್ಕೆ ಬಂದವನು, ನಾನು ಹೋಳಿಗೆ ಲಟ್ಟಿಸುತ್ತ ಕೂತಾಗ, “ದೊಡ್ಡವ್ವಾ, ನಾನಽ ಬರದು ಹಾಡೇನಿ, ಕೇಳ ಬೇ” ಎಂದು ಮೊಬೈಲ್ ಹಚ್ಚಿಟ್ಟ. ಒಟ್ಟು ಏಳು ಹಾಡು, ಎಲ್ಲ ಸೇರಿ ಒಂದೇ ಕಥೆ. ಸವದತ್ತಿ ಬಸ್ಸಿನಲ್ಲಿ ಹುಡುಗಿಯನ್ನು ನೋಡಿದ್ದು, ನೋಟ್ಸಿನ ನೆಪದಲ್ಲಿ ಮಾತು ಬೆಳೆದದ್ದು, ಎಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಬಳೆ ಕೊಡಿಸಿದ್ದು, ಕಿತ್ತೂರ ಕೋಟೆಯ ನೆರಳಿನಲ್ಲಿ ಕೂತದ್ದು. ಆಮೇಲೆ ಆಕೆ ಫೋನು ಎತ್ತದೇ ಹೋದದ್ದು, ಕೊನೆಗೆ ಆಕೆಯ ನಿಶ್ಚಯದ ಸುದ್ದಿ.

ಹಾಡು ಅಂದರೆ ರಾಗ ಎಳೆದು ಹಾಡುವುದಲ್ಲ, ರ‍್ಯಾಪ್. ತಾಳಕ್ಕೆ ಸರಿಯಾಗಿ ಮಾತನ್ನೇ ಪ್ರಾಸಗೂಡಿಸಿ ಸರಸರ ಹೇಳುವುದು. ಇದು 1973ರ ಸುಮಾರಿಗೆ ನ್ಯೂಯಾರ್ಕಿನ ಬ್ರಾಂಕ್ಸ್ ಎಂಬಲ್ಲಿ ಕಪ್ಪು ಜನಾಂಗದ ಬಡ ಹುಡುಗರ ನಡುವೆ ಹುಟ್ಟಿದ ಸಂಗೀತದ ಕೂಸು. ನಮ್ಮಲ್ಲಿ ಚಂದನ್ ಶೆಟ್ಟಿ 2018ರಲ್ಲಿ ಬಿಗ್ ಬಾಸ್ ಗೆದ್ದ ಮೇಲೆ ಅಡಿಗೆಮನೆಯ ಹೆಂಗಸರಿಗೂ ರ‍್ಯಾಪ್ ಎಂಬ ಮಾತು ಪರಿಚಯವಾಯಿತು.

ಹುಡುಗನ ದುಃಖ ಸುಳ್ಳಲ್ಲ. ಕೇಳುತ್ತ ನನ್ನ ಕಣ್ಣೂ ತುಂಬಿದವು. ಆದರೆ ಬಾಜೂಕೆ ಕೂತ ನನ್ನ ಮಗಳು, “ಅವ್ವಾ, ಏಳೂ ಹಾಡಿನ್ಯಾಗ ಆಕಿ ಒಂದು ಮಾತರ ಆಡಿದ್ಲೇನು?” ಎಂದಳು. ಹೌದಲ್ಲ! ಆಕೆ ನಕ್ಕಳು, ನಾಚಿದಳು, ರೊಕ್ಕ ನೋಡಿ ಹೋದಳು, ಮೋಸ ಮಾಡಿದಳು. ಎಲ್ಲ ಇವನೇ ಹೇಳಿದ್ದು. ಸಾಲದ್ದಕ್ಕೆ ಐದನೆಯ ಹಾಡಿನಲ್ಲಿ ಆಕೆಯ ಹೆಸರು, ಊರಿನ ಹೆಸರು ಎರಡೂ ಇದ್ದವು. ನನ್ನ ಎದೆ ಧಸಕ್ಕೆಂದಿತು. ನಮ್ಮದು ದೊಡ್ಡ ಪಟ್ಟಣವಲ್ಲ. ಹಾಡು ನಾಲ್ಕು ಮೊಬೈಲಿಗೆ ಹೋದರೆ ಸಂಜೆಯೊಳಗೆ ಆಕೆಯ ಓಣಿ ಮುಟ್ಟುತ್ತದೆ. ನಿಶ್ಚಯ ಮುರಿಯಬಹುದು, ಆಕೆಯ ತಂಗಿಯ ಕಾಲೇಜೂ ಬಂದಾಗಬಹುದು. ಹಾಡಿದವನಿಗೆ ಚಪ್ಪಾಳೆ, ಆಕೆಯ ಪಾಲಿಗೆ ಮನೆಯ ನಾಲ್ಕು ಗೋಡೆ.

ಪ್ರೀತಿಯ ಕಥೆಯನ್ನು ಹಾಡಿನಲ್ಲಿ ಕಟ್ಟುವುದು ನಮಗೇನು ಹೊಸದೇ? ಸಂಗ್ಯಾ ಬಾಳ್ಯಾ ಸಣ್ಣಾಟ ನಮ್ಮ ಬೈಲಹೊಂಗಲದ್ದೇ ಕಥೆ. ಈರಣ್ಣನ ಹೆಂಡತಿ ಗಂಗಾಳಿಗೆ ಮನಸೋತ ಸಂಗ್ಯಾ, ಗೆಳೆಯ ಬಾಳ್ಯಾನ ದ್ರೋಹ, ಕೊನೆಗೆ ಸಂಗ್ಯಾನ ಕೊಲೆ. ಆ ಆಟದಲ್ಲಿ ಗಂಗಾ ಬರೀ ಹೆಸರಲ್ಲ. ರಂಗದ ಮೇಲೆ ನಿಂತು ತನ್ನ ಮಾತನ್ನು ತಾನೇ ಹಾಡುತ್ತಾಳೆ. ಗೀಗೀ ಪದದ ಹರದೇಶಿ-ನಾಗೇಶಿ ಮೇಳಗಳನ್ನೇ ನೋಡಿ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡಿದರೆ, ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಜವಾಬು ಕೊಡುತ್ತಾರೆ. ಎರಡೂ ಕಡೆಯ ಮಾತು ಕೇಳಿದ ಮೇಲೆಯೇ ಜನ ಎದ್ದು ಮನೆಗೆ ಹೋಗುವುದು.

ರ‍್ಯಾಪ್ ಹುಟ್ಟಿದ ನಾಡಿನಲ್ಲಿಯೂ ಹೆಣ್ಣಿನ ಮಾತಿಗೆ ಬೆಲೆ ಬಂದಿದೆ. ಲಾರಿನ್ ಹಿಲ್ ಎಂಬಾಕೆ 1998ರಲ್ಲಿ, 23ರ ವಯಸ್ಸಿನಲ್ಲಿ, ತನ್ನ ಪ್ರೀತಿ ಮತ್ತು ನೋವುಗಳನ್ನೇ ಹಾಡುಗಳ ಮಾಲೆ ಮಾಡಿದಳು. ಹಾಡುಗಳ ನಡುವೆ ಶಾಲೆಯ ತರಗತಿಯಂತೆ ಮಾತುಕತೆ ಬರುತ್ತದೆ. ಮಾಸ್ತರರು ಪ್ರೀತಿ ಎಂದರೇನು ಎಂದು ಕೇಳಿದರೆ, ಹುಡುಗರೂ ಹುಡುಗಿಯರೂ ತಮಗೆ ತೋಚಿದ್ದು ಹೇಳುತ್ತಾರೆ. ಅದಕ್ಕೆ 1999ರಲ್ಲಿ ವರ್ಷದ ಶ್ರೇಷ್ಠ ಆಲ್ಬಮ್ ಸೇರಿ 5 ಗ್ರ್ಯಾಮಿ ಪ್ರಶಸ್ತಿಗಳು ಬಂದವು.

ಇದನ್ನೆಲ್ಲ ತಂಗಿಯ ಮಗನಿಗೆ ಹೇಳಿದೆ. ತಂಗಿಯಂತೂ, “ಮೊಬೈಲ್ ಕಸಗೊಂಡು ಹಾಳಬಾವಿಗೆ ಒಗದ್ರ ಆತು” ಎಂದು ಸಿಟ್ಟಾದಳು. ನಾನು ಬೇಡವೆಂದೆ. ಮನಸ್ಸಿನ ನೋವು ಹಾಡಾಗಿ ಹೊರಗೆ ಬರುವುದು ಒಳ್ಳೆಯದೇ. “ಆಕಿ ಹೆಸರು, ಊರು ತಗೀಪಾ. ಮತ್ತ ಒಂದು ಹಾಡು ಆಕಿ ಬಾಯಾಗ ಬರಿ” ಎಂದೆ. ಮುಖ ದಪ್ಪ ಮಾಡಿದ. ಆದರೂ ಹೆಸರು, ಊರು ಆವತ್ತೇ ತೆಗೆದ. ಆಕೆಯ ಹಾಡು ಬರೆಯಲು ಎರಡು ದಿನ ಪೆನ್ನು ಹಿಡಿದು ಕೂತ. ಮೂರನೆಯ ದಿನ ಸಣ್ಣ ದನಿಯಲ್ಲಿ, “ಆಕಿ ಯಾಕ ಒಪ್ಪಿದ್ಲು ಅಂತ ನಾ ಕೇಳಽ ಇಲ್ಲ ಬೇ. ಏನಂತ ಬರೀಲಿ?” ಎಂದ.

ಬಯ್ಯಲಿಲ್ಲ ನಾನು. ತಲೆಯ ಮೇಲೆ ಕೈಯಾಡಿಸಿ ಒಂದು ಹೋಳಿಗೆ ಕೊಟ್ಟೆ. ಊರಿಗೆ ಹೋದ ಮೇಲೆ ಅವನು ಎಂಟನೆಯ ಹಾಡು ಬರೆದು ಕಳಿಸಿದ್ದಾನೆ. ಅದರಲ್ಲಿ ಬೈಗುಳ ಇಲ್ಲ, ಆಕೆಯನ್ನು ಕೇಳಬೇಕಾಗಿದ್ದ ಪ್ರಶ್ನೆಗಳೇ ಇವೆ.

ಸೋದರಿಯರೇ, ನಿಮ್ಮ ಮಕ್ಕಳೂ ಇಂಥ ಹಾಡು ಕೇಳುತ್ತಿರಬಹುದು, ಕಟ್ಟುತ್ತಲೂ ಇರಬಹುದು. ಒಲೆಯ ಉರಿ ಸಣ್ಣ ಮಾಡಿ ಎರಡು ನಿಮಿಷ ಕೇಳಿ. ‘ಆ ಹುಡುಗಿ ಏನಂದಳಪ್ಪಾ?’ ಎಂದು ಒಂದು ಮಾತು ಕೇಳಿ. ಹೆಣ್ಣುಮಕ್ಕಳಿರುವ ಮನೆಯಲ್ಲಿ ಇನ್ನೊಂದು ಕೆಲಸವೂ ಇದೆ. ಅಡಿಕೆ ಎಲೆ ಹಿಡಿಯುವ ಮೊದಲು ಮಗಳನ್ನು ಬದಿಗೆ ಕೂಡಿಸಿಕೊಂಡು ಆಕೆಯ ಮನಸ್ಸಿನಲ್ಲಿ ಏನಿದೆ ಎಂದು ಕೇಳೋಣ, ಹೇಳುವವರೆಗೂ ಕಾಯೋಣ. ಆ ಹುಡುಗಿಯ ಮನೆಯಲ್ಲಿ ಯಾರಾದರೂ ಹಾಗೆ ಕೇಳಿದ್ದರೋ ಇಲ್ಲವೋ ಎಂಬ ಸಂಕಟ ನನಗೆ ಇನ್ನೂ ಹೋಗಿಲ್ಲ.