ಸದ್ದಿಲ್ಲದ ಈಡು

ಚಳಿ ಬಿದ್ದ ಬೆಳಿಗ್ಗೆ ನಮ್ಮ ಮನೆಯ ಮಾತೆಲ್ಲ ಬಚ್ಚಲೊಲೆಯ ಎದುರೇ. ಹಂಡೆಯ ನೀರು ಕಾಯುವಷ್ಟು ಹೊತ್ತು ಮಕ್ಕಳು ಕೆಂಡದ ಬಳಿ ಕೈ ಚಾಚಿ ಕೂರುತ್ತಾರೆ. ಬ್ರಹ್ಮಾವರದಿಂದ ರಜೆಗೆ ಬಂದ ಮಗಳ ಮಗ ಮೊನ್ನೆ ಕೇಳಿದ: "ಅಜ್ಜಯ್ಯಾ, ಚಾವಡಿ ಗೋಡೆಯಲ್ ಆ ಎರಡು ಮರದ ಗೂಟ ಎಂತಕ್ಕೆ?"

ಅದು ಕೋವಿ ಇಡುವ ಗೂಟ. ಕೋವಿ ಈಗಿಲ್ಲ. ಇದ್ದಾಗಿನ ಒಂದು ಸಂಜೆಯ ಕಥೆ ಮಾತ್ರ ನನ್ನ ಹತ್ತಿರ ಉಳಿದಿದೆ. ಒಲೆಗೆ ಇನ್ನೊಂದು ಕೊತ್ತಳಿಗೆ ಒತ್ತಿ ಅದನ್ನೇ ಹೇಳಿದೆ.

1971ರ ಡಿಸೆಂಬರ್. ನನಗೆ ಹತ್ತು ವರ್ಷ. ಬಾಂಗ್ಲಾ ಯುದ್ಧದ ಸುದ್ದಿ ಕೇಳಲು ಊರಿನವರೆಲ್ಲ ಸಂಜೆ ಒಂದೇ ರೇಡಿಯೋದ ಸುತ್ತ ಸೇರುತ್ತಿದ್ದ ದಿನಗಳು. ಬೈಂದೂರು ಆಗ ಕುಂದಾಪುರ ತಾಲೂಕಿನ ಒಳಗಿತ್ತು. ಬೈಂದೂರಿನ ಗೋಳಿಹೊಳೆಯ ಕಡೆ ನಮ್ಮ ಮನೆ. ಹಿತ್ತಲು ಹತ್ತಿದರೆ ಹಾಡಿ, ಹಾಡಿ ದಾಟಿದರೆ ಕೊಡಚಾದ್ರಿಯ ತಪ್ಪಲಿನ ಕಾಡು. ಕಾರ್ತಿ ಕೊಯ್ಲು ಮುಗಿದ ಗದ್ದೆಯಲ್ಲಿ ಅವಡೆ, ಉದ್ದು ಚಿಗುರುತ್ತಿದ್ದವು. ಚಿಗುರಿಗೆ ಮೊಲದ ಕಾಟ.

ನನ್ನ ಅಜ್ಜಯ್ಯನದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಲ್ಲಿ ಜಡಿದು, ಮೇಲೆ ಚರೆ ಹಾಕಿ, ಮತ್ತೆ ನಾರು. ಕೊನೆಗೆ ಕೇಪು. ಕುದುರೆ ಬಿದ್ದರೆ ಹೊಗೆಯಲ್ಲಿ ಎದುರು ಕಾಣಿಸುತ್ತಿರಲಿಲ್ಲ. ಆ ಸದ್ದು ಗುಡ್ಡಕ್ಕೆ ಬಡಿದು ಎರಡು ಮೂರು ಸಲ ವಾಪಸು ಬರುತ್ತಿತ್ತು. ಅದು ಊರಿಗೆಲ್ಲ ಗುರುತಿದ್ದ ಸದ್ದು. ಈಡು ಕೇಳಿದೊಡನೆ ಅಮ್ಮಮ್ಮ ಅರೆಯುವ ಕಲ್ಲು ತೊಳೆದು ಮೆಣಸು ನೆನೆಹಾಕುತ್ತಿದ್ದರು. ತೋಡಿನ ಆಚೆಯ ಮನೆಯವರು ಪಾಲಿಗೆ ಬಾಳೆಲೆ ಹಿಡಿದು ಬರುತ್ತಿದ್ದರು. ಈಡು ತಪ್ಪಿದ್ದರೂ ಬಂದು, ತಪ್ಪಿದ ಕಥೆ ಕೇಳಿ ಹೋಗುತ್ತಿದ್ದರು.

ಆ ವಾರ ಅಜ್ಜಯ್ಯನ ಗೆಳೆಯರೊಬ್ಬರು ಘಟ್ಟ ಇಳಿದು ಬಂದರು. ಹೊಸನಗರದ ಕಡೆಯ ಅಡಿಕೆ ತೋಟದವರು. ಅವರ ಬಳಿ ಪಾಯಿಂಟ್ ಟೂಟೂ ರೈಫಲ್ ಇತ್ತು. ಸಪೂರ ನಳಿಗೆ, ಕೈಯಲ್ಲಿ ಹಿಡಿದರೆ ಆಟಿಕೆಯಷ್ಟು ಹಗುರ. ಜೊತೆಗೆ ಎರಡು ಪೊಟ್ಟಣ ತೋಟೆ. ನೋಡಲು ಎರಡೂ ಒಂದೇ: ಕಿರುಬೆರಳಿನ ಎರಡು ಗೆಣ್ಣಿಗಿಂತ ಗಿಡ್ಡ, ತುದಿಯಲ್ಲಿ ಎರಡೂವರೆ ಗ್ರಾಂ ಚಿಲ್ಲರೆಯ ಸೀಸದ ಗುಂಡು. ಒಂದು ವೇಗದ್ದು, ಇನ್ನೊಂದು ನಿಧಾನದ್ದು ಎಂದರು. ನಿಧಾನದ ಗುಂಡು ಯಾರಿಗೆ ಬೇಕು ಎಂದು ನನಗೆ ಅನಿಸಿತ್ತು.

ಮಧ್ಯಾಹ್ನ ಹಾಡಿಯ ಅಂಚಿನ ಮಣ್ಣು ದರೆಗೆ ಒಂದು ತೆಂಗಿನ ಗೆರಟೆ ಒರಗಿಸಿ ತೋರಿಸಿದರು. ಮೊದಲು ವೇಗದ್ದು. ಚಾಟಿ ಬೀಸಿದ ಹಾಗೆ 'ಛಟೀರ್' ಅಂತ ಗಾಳಿ ಸೀಳಿತು, ಗುಡ್ಡ ಮಾರುತ್ತರ ಕೊಟ್ಟಿತು. ಆಮೇಲೆ ನಿಧಾನದ್ದು. 'ಟಪ್'. ಒಣ ಕೋಲು ಮುರಿದಷ್ಟು. ಗೆರಟೆ ಮಾತ್ರ ಎರಡು ಸಲವೂ ಒಡೆದಿತ್ತು.

"ಹ್ವಾಯ್, ಇದಕ್ ಸದ್ದೇ ಇಲ್ಯಲೆ!" ಎಂದರು ಅಜ್ಜಯ್ಯ.

ಆ ಹಿರಿಯರು ನೆಲದ ಮೇಲೆ ಕೂತು ಕಡ್ಡಿಯಲ್ಲಿ ಗೀರಿ ವಿವರಿಸಿದ್ದು ನನಗೆ ಇಂದಿಗೂ ಪಾಠದಂತೆ ನೆನಪಿದೆ. ಕೋವಿಗೆ ಎರಡು ಸದ್ದು. ಒಂದು ಮದ್ದು ಉರಿದು ನಳಿಗೆಯ ಬಾಯಿಂದ ನುಗ್ಗುವಾಗಿನದು. ಇನ್ನೊಂದು ಗುಂಡು ದಾರಿಯುದ್ದಕ್ಕೂ ಮಾಡುವ ಸದ್ದು, ಅದೂ ಗುಂಡು ಶಬ್ದಕ್ಕಿಂತ ಮುಂದೆ ಓಡಿದರೆ ಮಾತ್ರ. ನಮ್ಮ ಕರಾವಳಿಯ ಬೆಚ್ಚನೆ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. ವೇಗದ ತೋಟೆಯ ಗುಂಡು 380ರ ಆಸುಪಾಸು. ಗಾಳಿ ಸರಿದು ದಾರಿ ಬಿಡುವ ಮೊದಲೇ ಅದನ್ನು ಗುದ್ದಿಕೊಂಡು ಹೋಗುತ್ತದೆ, ಆ ಗುದ್ದೇ ಚಾಟಿಯೇಟು. ನಿಧಾನದ್ದು 320ರ ಹತ್ತಿರ. ಶಬ್ದದ ಹಿಂದೆಯೇ ಉಳಿಯುವುದರಿಂದ ಎರಡನೆಯ ಸದ್ದು ಹುಟ್ಟುವುದೇ ಇಲ್ಲ. ಕಾಗದದ ಗುರಿಗೆ ಹೊಡೆಯುವ ಪಂದ್ಯದವರು ಅದನ್ನೇ ಆರಿಸುತ್ತಾರಂತೆ: ವೇಗದ ಗುಂಡು ದಾರಿಯಲ್ಲಿ ಸೋತು ಶಬ್ದದ ವೇಗಕ್ಕೆ ಇಳಿಯುವಾಗ ಅಲುಗಾಡುತ್ತದೆ, ನಿಧಾನದ್ದಕ್ಕೆ ಆ ಕಂಟಕವಿಲ್ಲ. ಆದರೆ ಅದು ಬೇಗ ಕೆಳಗೆ ಬಾಗುತ್ತದೆ. 50 ಮೀಟರಿಗೆ ಗುರಿ ಕೂರಿಸಿದರೆ 100 ಮೀಟರಿನಲ್ಲಿ ಒಂದು ಗೇಣಿನಷ್ಟು ಕೆಳಗೆ. ಹಾಗಾಗಿ ಹತ್ತಿರ ಹೋಗಬೇಕು, ತೋಟೆ ಬದಲಿಸಿದರೆ ಗುರಿಯನ್ನೂ ಹೊಸದಾಗಿ ನೋಡಬೇಕು.

ಅಜ್ಜಯ್ಯನಿಗೆ ಖುಷಿಯೋ ಖುಷಿ. ಒಂದು ಈಡಿಗೆ ಇಡೀ ಹಾಡಿ ಎದ್ದು ಓಡಿಹೋಗುವ ತೊಂದರೆ ತಪ್ಪಿತಲ್ಲ.

ಮಬ್ಬುಗತ್ತಲಾಗುವಾಗ ಮೂವರೂ ಗದ್ದೆಯಂಚಿನ ಹುಣಸೆ ಮರದ ಬುಡದಲ್ಲಿ ಕೂತೆವು. ಸ್ವಲ್ಪ ಹೊತ್ತಿಗೆ ಎರಡು ಮೊಲ ಹಾಡಿಯಿಂದ ಕುಪ್ಪಳಿಸುತ್ತ ಬಂದವು. ಮೂವತ್ತು ಹೆಜ್ಜೆ ದೂರ, ಒಂದಕ್ಕೊಂದು ತಾಗಿಕೊಂಡೇ ಚಿಗುರು ಮೇಯತೊಡಗಿದವು. ಅಜ್ಜಯ್ಯ ಹೊಡೆದರು. 'ಟಪ್'. ಒಂದು ಮೊಲ ಇದ್ದಲ್ಲೇ ಮಗುಚಿತು.

ಇನ್ನೊಂದು ಕಿವಿ ನಿಮಿರಿಸಿತು. ಓಡಲಿಲ್ಲ. ಕಿವಿ ಇಳಿಸಿ ಮತ್ತೆ ಮೇಯಿತು. ಒಂದೆರಡು ಚಿಗುರು ತಿಂದು ಬಿದ್ದದ್ದರ ಹತ್ತಿರ ಬಂದು ಮೂಸಿತು, ಅದರ ಪಕ್ಕದಲ್ಲೇ ಕೂತು ಮೇಯತೊಡಗಿತು.

"ಇನ್ನೊಂದಿದೆ ನೋಡಿ, ಹೊಡೀರಿ" ಎಂದು ಘಟ್ಟದವರು ಪಿಸುಗುಟ್ಟಿದರು. ಅಜ್ಜಯ್ಯ ರೈಫಲ್ ಎತ್ತಿ ಗುರಿ ಹಿಡಿದರು. ಎಷ್ಟೋ ಹೊತ್ತು ಹಾಗೇ ಇದ್ದರು. ಆಮೇಲೆ ನಳಿಗೆ ಕೆಳಗಾಯಿತು.

"ಅದಕ್ ಗೊತ್ತೇ ಆಯ್ಲ" ಎಂದರು. ಎದ್ದು ನಿಂತು ಜೋರಾಗಿ ಕೈ ಚಪ್ಪಾಳೆ ಹೊಡೆದರು. ಮೊಲ ಹಾಡಿಗೆ ಹಾರಿತು.

ಮನೆಗೆ ಬಂದಾಗ ಅಮ್ಮಮ್ಮ ಒಲೆಯೆದುರು ಸುಮ್ಮನೆ ಕೂತಿದ್ದರು. "ಈಡೇ ಕೇಣ್ಲಿಲ್ಲ, ಮೊಲ ಎಲ್ಲಿಂದ ಬಂತ್?" ಎಂದು ಬೆರಗಾದರು. ಮೆಣಸು ನೆನೆದಿರಲಿಲ್ಲ. ತೋಡಿನ ಆಚೆಯಿಂದ ಬಾಳೆಲೆ ಹಿಡಿದು ಯಾರೂ ಬರಲಿಲ್ಲ. ಅಜ್ಜಯ್ಯ ತಾವೇ ಸೂಡಿ ಹಚ್ಚಿಕೊಂಡು ಕತ್ತಲೆಯಲ್ಲಿ ತೋಡು ದಾಟಿ ಪಾಲು ಕೊಟ್ಟು ಬಂದರು. ಅಲ್ಲಿಯವರೆಗೆ ಊಟಕ್ಕೆ ಕೂರಲಿಲ್ಲ. ಮರುದಿನ ಗೆಳೆಯರು ನಿಧಾನದ ತೋಟೆಯ ಪೊಟ್ಟಣವನ್ನು ಉಡುಗೊರೆಯಾಗಿ ಬಿಟ್ಟು, ರೈಫಲನ್ನೂ ಒಂದು ತಿಂಗಳು ಇಟ್ಟುಕೊಳ್ಳಿ ಎಂದಾಗ ಎರಡನ್ನೂ ಕೈಮುಗಿದು ವಾಪಸು ಕೊಟ್ಟರು. "ನಂದ್ ಕೂಗಿ ಹೇಳಿ ಹೊಡಿತ್ತ್. ನಂಗ್ ಅದೇ ಸಾಕ್."

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಕೊಲ್ಲೂರಿನ ಸುತ್ತಲ ಕಾಡು ಮೂಕಾಂಬಿಕಾ ಅಭಯಾರಣ್ಯವಾಯಿತು. ಬೇಟೆ ನಿಂತಿತು, ನಿಂತದ್ದು ಒಳ್ಳೆಯದೇ ಆಯಿತು. ಆ ಹಾಡಿಯಲ್ಲಿ ಇವತ್ತು ಮೊಲ ಕಾಣಲು ಪುಣ್ಯ ಬೇಕು. ಕೋವಿ ಬೆಳೆ ಕಾಯಲೆಂದು ಪರವಾನಗಿಯಲ್ಲಿ ಉಳಿದು, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ ಬರುತ್ತಿತ್ತು. ಅಜ್ಜಯ್ಯನ ನಂತರ ನಾವು ಅದನ್ನು ಒಪ್ಪಿಸಿಬಿಟ್ಟೆವು. ಈಗ ಹಂದಿ, ಮಂಗ ಬಂದರೆ ಗರ್ನಾಲು ಹೊಡೆಯುತ್ತೇವೆ.

"ಆ ಇನ್ನೊಂದ್ ಮೊಲ ಎಂತ ಆಯ್ತ್?" ಎಂದು ಮೊಮ್ಮಗ ಕೇಳಿದ.

ನನಗೂ ಅದೇ ಚಿಂತೆಯಿತ್ತು ಮಗಾ ಎಂದೆ. ಮರುದಿನ ಬೆಳಕು ಹರಿಯುವ ಮೊದಲೇ ಎದ್ದು ಗದ್ದೆಗೆ ಓಡಿದ್ದೆ. ಅವಡೆ ಚಿಗುರಿನ ಮೇಲೆ ಇಬ್ಬನಿ ಬೆಳ್ಳಗೆ ಕೂತಿತ್ತು. ರಕ್ತ ಬಿದ್ದ ಜಾಗದ ಸುತ್ತ ಮಾತ್ರ ಇಬ್ಬನಿ ಒರೆಸಿಹೋಗಿ, ಹಸಿರು ಗೆರೆ ಸುತ್ತು ಸುತ್ತಾಗಿ ಎದ್ದು ಕಾಣುತ್ತಿತ್ತು. ಅಜ್ಜಯ್ಯ ನನಗಿಂತ ಮೊದಲೇ ಬಂದು, ಕಂಬಳಿ ಹೊದ್ದು, ಗದ್ದೆಯಂಚಿನಲ್ಲಿ ನಿಂತು ಅದನ್ನೇ ನೋಡುತ್ತಿದ್ದರು.