ಹಗುರ ಕೋವಿಗೊಂದು ವಾಲ್ನಟ್ ಹಿಡಿ

ಕೋಡಿ ಪಟ್ಟಣ, ವಯೋಮಿಂಗ್

ಪ್ರೀತಿಯ ಭಾವ,

ಯೆಲ್ಲೊಸ್ಟೋನ್ ಕಾಡಿನ ಪೂರ್ವ ಬಾಗಿಲಿಗೆ ಇಲ್ಲಿಂದ ಸುಮಾರು 84 ಕಿಲೋಮೀಟರ್. ಊರು ಮಡಿಕೇರಿಗಿಂತ ಎತ್ತರದಲ್ಲಿದೆ, ಸಮುದ್ರಮಟ್ಟದಿಂದ 1,500 ಮೀಟರಿನ ಮೇಲೆ. ಮಳೆ ಮಾತ್ರ ಇಡೀ ವರ್ಷದ್ದನ್ನು ಕೂಡಿಸಿದರೂ ಹತ್ತು ಹನ್ನೊಂದು ಇಂಚು. ನಿಮ್ಮ ಕೊಡಗಿನಲ್ಲಿ ಆಷಾಢದ ಒಂದು ವಾರಕ್ಕೇ ಅಷ್ಟು ಸುರಿದುಬಿಡುತ್ತದೆ. ಈ ಒಣ ಹವೆಯನ್ನು ನೆನಪಿಟ್ಟುಕೊಳ್ಳಿ, ಮರದ ಮಾತು ಬಂದಾಗ ಬೇಕಾಗುತ್ತದೆ.

ಬಫಲೋ ಬಿಲ್ ಎಂದೇ ಹೆಸರಾದ ವಿಲಿಯಂ ಕೋಡಿ ಮುಂದೆ ನಿಂತು ಕಟ್ಟಿಸಿದ ಊರಿದು. ಅವನ ಹೆಸರಿನ ಮ್ಯೂಸಿಯಂ ಸಮುಚ್ಚಯದಲ್ಲಿ ಕೋವಿಗಳಿಗೆಂದೇ ಒಂದು ದೊಡ್ಡ ವಿಭಾಗ ಇದೆ. ವಿಂಚೆಸ್ಟರ್ ಕಂಪನಿಯ ಸಂಗ್ರಹವೇ ಅದರ ಬುನಾದಿ. 2019ರಲ್ಲಿ ಪೂರ್ತಿ ಹೊಸದಾಗಿ ಜೋಡಿಸಿ ತೆರೆದರು. ಅದರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಿಮಗೆ ಇಷ್ಟವಾಗುವ ಸಂಗತಿ ಸಿಕ್ಕಿದ್ದು ಅಲ್ಲಲ್ಲ, ಪಕ್ಕದ ಬೀದಿಯಲ್ಲಿ, ಒಬ್ಬ ನಿವೃತ್ತ ಬಡಗಿಯ ಶೆಡ್ಡಿನಲ್ಲಿ.

ಅವರ ಮೇಜಿನ ಮೇಲೆ ಇದ್ದದ್ದು ಇಟಲಿಯ ಬ್ರೆಷಾ ಸೀಮೆಯ ಕಿಯಾಪ್ಪ ಕಂಪನಿಯ ‘ಲಿಟ್ಲ್ ಬ್ಯಾಡ್ಜರ್’. ಒಂಟಿ ನಳಿಗೆ, ಒಂದು ಸಲಕ್ಕೆ ಒಂದೇ ತೋಟೆ, ಪಾಯಿಂಟ್ ಟೂ ಟೂ. ನಳಿಗೆ 16.5 ಇಂಚು, ಒಟ್ಟು ತೂಕ 1.3 ಕಿಲೋ, ಅಂದರೆ ನಿಮ್ಮ ಜೋಡು ನಳಿಗೆ ಕೋವಿಯ ಅರ್ಧಕ್ಕೂ ಕಡಿಮೆ. ತೋಟೆ ತುಂಬಲು ನಡುವಿನಲ್ಲಿ ಮುರಿದು ತೆರೆಯುವ ಕೋವಿಗಳನ್ನು ನೀವು ಬಲ್ಲಿರಿ. ಇದು ಅಲ್ಲಿಗೇ ನಿಲ್ಲದೆ ಪೂರ್ತಿ ಮಡಚಿಕೊಳ್ಳುತ್ತದೆ. ಮಡಚಿದರೆ ಒಂದೂವರೆ ಅಡಿಯೊಳಗೆ ಮುಗಿಯಿತು, ಬೆನ್ನಚೀಲದಲ್ಲಿ ಹಿಡಿಯುತ್ತದೆ. ಭುಜಕ್ಕೆ ಆನಿಸುವ ಬಟ್ಟು ಎಂದರೆ ಬಗ್ಗಿಸಿದ ಕಬ್ಬಿಣದ ಸರಳಿನ ಚೌಕಟ್ಟು ಮಾತ್ರ. ಅದರ ಹಿಂದುಗಡೆ ಹನ್ನೆರಡು ತೋಟೆ ಸಿಕ್ಕಿಸುವ ತೂತುಗಳಿವೆ. ಮರ ಎಂಬುದು ಎಲ್ಲೂ ಇಲ್ಲ, ಹಿಡಿಯಂತೂ ಇಲ್ಲವೇ ಇಲ್ಲ.

ಇಂಥ ಕೋವಿಯ ವಂಶ ಹಳೆಯದು. 1950ರ ದಶಕದಲ್ಲಿ ಅಮೆರಿಕದ ವಾಯುಪಡೆ, ವಿಮಾನ ಕೆಟ್ಟು ಕಾಡಿನಲ್ಲೋ ಹಿಮದಲ್ಲೋ ಇಳಿದ ಪೈಲಟ್ ಹೊಟ್ಟೆ ಹೊರೆದುಕೊಳ್ಳಲಿ ಎಂದು ಎಮ್-6 ಎಂಬ ಮಡಚುವ ಕೋವಿ ಮಾಡಿಸಿತು. ಮೇಲಿನ ನಳಿಗೆಯಲ್ಲಿ ಗುಂಡು, ಕೆಳಗಿನದರಲ್ಲಿ ಚರೆ. ಮಡಚಿದರೆ 15 ಇಂಚು. ದಪ್ಪ ಕೈಗವಸು ಹಾಕಿಕೊಂಡೇ ಹೊಡೆಯಬೇಕಾಗಬಹುದೆಂದು ಟ್ರಿಗರ್ ಬದಲು ಮುಷ್ಟಿಯಲ್ಲಿ ಹಿಸುಕುವ ಪಟ್ಟಿ ಇಟ್ಟಿದ್ದರು. ಅಲ್ಲಿಯೂ ಹಿಡಿಗೆ ಜಾಗ ಕೊಡಲಿಲ್ಲ. ಪ್ರಾಣ ಉಳಿಸಿಕೊಳ್ಳುವ ಸಾಮಾನಿನ ಪೆಟ್ಟಿಗೆಯಲ್ಲಿ ಅಂಗುಲ ಅಂಗುಲಕ್ಕೂ ಲೆಕ್ಕ. ಕೈಗೆ ಹಿತವಾಗುತ್ತದೋ ಇಲ್ಲವೋ ಎಂಬುದು ಆ ಲೆಕ್ಕದಲ್ಲಿ ಕೊನೆಗೆ ಬಂತು.

ಲಿಟ್ಲ್ ಬ್ಯಾಡ್ಜರಿಗೆ ಹಾಕುವ ಪಾಯಿಂಟ್ ಟೂ ಟೂ ಲಾಂಗ್ ರೈಫಲ್ ತೋಟೆ ಬಂದದ್ದು 1887ರಲ್ಲಿ. ಅದರ ಸಿಡಿಮದ್ದು ನಡುವಿನ ಕ್ಯಾಪಿನಲ್ಲಿಲ್ಲ, ತೋಟೆಯ ಬುಡದ ಅಂಚಿನ ಮಡಿಕೆಯೊಳಗೆ ಸುತ್ತಲೂ ಇದೆ. ಸೂಜಿ ಆ ಅಂಚನ್ನೇ ಜಜ್ಜುತ್ತದೆ. ರಿಮ್‌ಫೈರ್ ಎನ್ನುವುದು ಅದಕ್ಕೆ. 2.6 ಗ್ರಾಂ ಗುಂಡು, ಭುಜಕ್ಕೆ ಒದೆತ ಇಲ್ಲವೆನ್ನುವಷ್ಟು ಕಡಿಮೆ. ಹಾಗಿದ್ದ ಮೇಲೆ ಹಿಡಿ ಯಾಕೆ ಬೇಕು ಎಂದು ನೀವು ಕೇಳುತ್ತೀರಿ.

ಬಡಗಿಯ ಉತ್ತರ ಸರಳವಾಗಿತ್ತು, ಅವರು ಅದನ್ನು ಬಾಯಲ್ಲಿ ಹೇಳದೆ ಮಾಡಿ ತೋರಿಸಿದರು. ನಳಿಗೆ ತೆರೆದು ಖಾಲಿ ಇದೆ ಎಂದು ತೋರಿಸಿ, ತೋಟೆಯ ಗೂಡಿನಲ್ಲಿ ಪ್ಲಾಸ್ಟಿಕ್ ಡಮ್ಮಿ ಇಟ್ಟು (ರಿಮ್‌ಫೈರ್ ಕೋವಿಯನ್ನು ಬರಿದಾಗಿ ಹೊಡೆದರೆ ಸೂಜಿ ಗೂಡಿನ ಅಂಚಿಗೇ ಬಡಿದು ಗುಳಿ ಬೀಳಿಸಬಹುದು), ಕುದುರೆ ಎಳೆದು, ಗೋಡೆಯ ಮೇಲಿನ ಚುಕ್ಕೆಗೆ ಗುರಿ ಹಿಡಿದು ಟ್ರಿಗರ್ ಒತ್ತಿದರು. ನಳಿಗೆಯ ತುದಿ ಎದ್ದು ಕಾಣುವಷ್ಟು ಪಕ್ಕಕ್ಕೆ ಸರಿಯಿತು. ಭಾರದ ಕೋವಿ ತನ್ನ ಜಡತ್ವದಿಂದಲೇ ಅಲುಗದೆ ನಿಲ್ಲುತ್ತದೆ, ಬೆರಳಿನ ಸೆಳೆತವನ್ನು ಅದು ನುಂಗಿಕೊಳ್ಳುತ್ತದೆ. ಇಲ್ಲಿ ಟ್ರಿಗರಿಗೆ ಬೇಕಾದ ಬಲ ಕೋವಿಯ ತೂಕಕ್ಕೆ ಸಮವಾಗಿಯೋ ಹೆಚ್ಚಾಗಿಯೋ ಇದ್ದರೆ ಬೆರಳು ಎಳೆಯುವುದು ಟ್ರಿಗರನ್ನಷ್ಟೇ ಅಲ್ಲ, ಇಡೀ ಕೋವಿಯನ್ನು. ಅದನ್ನು ತಡೆಯಬೇಕಾದ ಉಳಿದ ಮೂರು ಬೆರಳು ಮತ್ತು ಅಂಗೈಗೆ ಸಿಗುವುದು ತೆಳ್ಳನೆಯ ಎರಡು ಸರಳು. ಹಗುರವಾದಷ್ಟೂ ಹಿಡಿ ಮುಖ್ಯವಾಗುತ್ತದೆ ಎಂಬುದು ಆ ಶೆಡ್ಡಿನಲ್ಲಿ ಕಣ್ಣಿಗೆ ಕಾಣುವಂತಾಯಿತು. ಜೊತೆಗೆ ಇಲ್ಲಿಯ ಚಳಿ: ಜನವರಿಯಲ್ಲಿ ಬರಿಗೈಯಲ್ಲಿ ಆ ಕಬ್ಬಿಣ ಮುಟ್ಟುವಂತಿಲ್ಲ.

ಸರಳಿಗೆ ಸೈಕಲ್ ಹ್ಯಾಂಡಲ್ಲಿನ ಟೇಪು, ಹಗ್ಗ, ರಬ್ಬರು ಸುತ್ತಿಕೊಳ್ಳುವವರೇ ಹೆಚ್ಚು. ಅದು ಚಳಿಗೆ ಸಾಕು, ಗುರಿಗೆ ಸಾಲದು. ಬಡಗಿ ಮಾಡುತ್ತಿದ್ದದ್ದು ತಮ್ಮ ಹೆಂಡತಿಯ ಕೈಯ ಅಳತೆಗೆ ಕಪ್ಪು ವಾಲ್ನಟ್ ಮರದ ಹಿಡಿ. ಮೊದಲು ರಟ್ಟಿನ ಮೇಲೆ ಚೌಕಟ್ಟಿನ ನಕ್ಷೆ ತೆಗೆದರು. ಹೆಂಡತಿಯನ್ನು ಕರೆದು ಕೋವಿ ಭುಜಕ್ಕೇರಿಸಲು ಹೇಳಿ, ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ಟ್ರಿಗರಿನ ಮೇಲೆ ನೇರವಾಗಿ ಕೂರುವಂತೆ ಮಾಡಿ, ಆಗ ಅಂಗೈ ಎಲ್ಲಿ ಬರುತ್ತದೆಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದರು. ಅಳತೆ ಶುರುವಾಗುವುದು ಬೆರಳಿನಿಂದ, ಹಿಡಿ ಆಮೇಲೆ. ಅಂಗಡಿಯ ಸಿದ್ಧ ಹಿಡಿಗಳಲ್ಲಿ ಇದು ತಿರುಗುಮುರುಗಾಗುತ್ತದೆ: ಹಿಡಿ ಇದ್ದಲ್ಲಿಗೆ ಕೈ ಹೋಗಬೇಕು, ಬೆರಳು ಸಿಕ್ಕಷ್ಟು ಸಿಗಲಿ ಎಂಬಂತೆ.

ಆಮೇಲೆ ಎರಡು ಹೋಳು ಮರ. ಒಂದೊಂದರ ಒಳಮೈಯಲ್ಲೂ ಸರಳಿನ ಅರ್ಧ ದಪ್ಪಕ್ಕೆ ಕಾಲುವೆ ಕೊರೆದು, ಚೌಕಟ್ಟಿನ ಎರಡೂ ಕಡೆಯಿಂದ ಕೂರಿಸಿ, ಅಡ್ಡಲಾಗಿ ತಿರುಪು ಹಾಕುವುದು. ಕೋವಿಯ ಕಬ್ಬಿಣಕ್ಕೆ ಒಂದು ತೂತೂ ಕೊರೆಯುವುದಿಲ್ಲ, ಬೆಸುಗೆಯೂ ಇಲ್ಲ. ತಿರುಪು ಬಿಚ್ಚಿದರೆ ಕೋವಿ ಮೊದಲಿನಂತೆಯೇ. ಕಾಲುವೆಯಲ್ಲಿ ಸರಳು ಅಲುಗದಿರಲು ಎಪಾಕ್ಸಿ ತುಂಬುತ್ತಾರೆ, ಸರಳಿಗೆ ಮೊದಲೇ ಮೇಣ ಸವರಿರುವುದರಿಂದ ಅದಕ್ಕೆ ಅಂಟುವುದಿಲ್ಲ, ಅಚ್ಚು ಮಾತ್ರ ಮೂಡುತ್ತದೆ.

ಕಷ್ಟ ಇರುವುದು ಇನ್ನೊಂದು ಕಡೆ. ಮಡಚಿದಾಗ ನಳಿಗೆ ಬಟ್ಟಿನ ಕೆಳಗೆ ಬಂದು ಮಲಗುತ್ತದೆ. ಪಿಸ್ತೂಲಿನಂತೆ ಕೆಳಕ್ಕೆ ಇಳಿದ ಹಿಡಿ ಹಾಕಿದರೆ ಅದು ನಳಿಗೆಗೆ ತಡೆಯುತ್ತದೆ, ಕೋವಿ ಮಡಚುವುದಿಲ್ಲ, ಅದನ್ನು ಕೊಂಡ ಕಾರಣವೇ ಹೋಯಿತು. ಅದಕ್ಕೇ ಈ ಬಡಗಿ ಮರವನ್ನು ಕೆಳಕ್ಕೆ ಬೆಳೆಸದೆ ಚೌಕಟ್ಟಿನ ಒಳಗಿನ ಖಾಲಿ ಜಾಗದಲ್ಲೇ ತುಂಬಿ, ಅಂಗೈ ತಾಗುವ ಹಿಂಬದಿಗೆ ಮಾತ್ರ ಉಬ್ಬು ಕೊಟ್ಟಿದ್ದರು. ಪ್ರತಿ ಸಲ ಅರ ಆಡಿಸಿದ ಮೇಲೂ ಕೋವಿ ಮಡಚಿ, ಬಿಚ್ಚಿ, ಮತ್ತೆ ಮಡಚಿ ನೋಡುತ್ತಿದ್ದರು. ಆ ತಾಳ್ಮೆ ನೋಡಲಿಕ್ಕೇ ಚೆಂದ.

ನಿಮ್ಮ ಅಟ್ಟದಲ್ಲಿರುವ ಬೀಟೆ ಹಲಗೆ ಇಂಥ ಹಿಡಿಗೆ ಆದೀತೇ ಎಂಬ ಮಾತೂ ಶೆಡ್ಡಿನಲ್ಲಿ ಬಂತು. ಒಣಗಿದ ಕಪ್ಪು ವಾಲ್ನಟ್ ಘನ ಅಡಿಗೆ ಸುಮಾರು 38 ಪೌಂಡು, ಬೀಟೆ 50 ದಾಟುತ್ತದೆ. ಬೀಟೆಯ ಚೆಲುವಿಗೆ ಸಾಟಿಯಿಲ್ಲ, ಆದರೆ ತೂಕ ಉಳಿಸಲೆಂದೇ ಹುಟ್ಟಿದ ಕೋವಿಗೆ ಅದು ಹೊಂದುವುದಿಲ್ಲ, ತೇಗ ಹೊಂದೀತು. ಹವೆಯ ವಿಷಯ ಇನ್ನೂ ದೊಡ್ಡದು. ಈ ಒಣ ಊರಿನಲ್ಲಿ ಮರ ಕುಗ್ಗುತ್ತದೆ, ತಿರುಪು ಸಡಿಲವಾಗುತ್ತದೆ, ವರ್ಷಕ್ಕೊಮ್ಮೆ ಬಿಗಿಮಾಡಬೇಕು. ಕೊಡಗಿನ ಮಳೆಗಾಲದಲ್ಲಿ ಅದೇ ಮರ ನೀರು ಕುಡಿದು ಉಬ್ಬುತ್ತದೆ. ಸರಳಿಗೆ ಇಲ್ಲಿಯಷ್ಟೇ ಬಿಗಿಯಾಗಿ ಕೂರಿಸಿದರೆ ಸೀಳು ಬಿಡುತ್ತದೆ, ಒಳಗೆ ತೇವ ನಿಂತು ಕಬ್ಬಿಣ ತುಕ್ಕು ಹಿಡಿಯುತ್ತದೆ. ಕಾಲುವೆಗೆ ಕೂದಲೆಳೆಯಷ್ಟು ಸಡಿಲ ಬಿಟ್ಟು, ಒಳಮೈಗೂ ಅಗಸೆ ಎಣ್ಣೆ ಉಣಿಸುವುದು ನಮ್ಮ ಕಡೆಗೆ ಸರಿ.

ಇಲ್ಲಿಯ ಕಾನೂನಿನಲ್ಲಿ ಹೀಗೆ ಹಿಡಿ ಕೂರಿಸಲು ಅಡ್ಡಿಯಿಲ್ಲ. 1934ರ ಕಾಯ್ದೆಯ ಪ್ರಕಾರ ರೈಫಲಿನ ನಳಿಗೆ 16 ಇಂಚಿಗಿಂತ, ಒಟ್ಟು ಉದ್ದ 26 ಇಂಚಿಗಿಂತ ಕಡಿಮೆಯಾದರೆ ಸರ್ಕಾರದಲ್ಲಿ ನೋಂದಾಯಿಸಬೇಕು. ಮರದ ಹಿಡಿ ಇವೆರಡನ್ನೂ ಮುಟ್ಟುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಕೊಡಗಿನ ಕೈಲ್‌ಪೋಳ್ದ್ ಹಬ್ಬದ ದಿನ ತೋಕ್‌ಪೂ ಹೂವು ಸಿಕ್ಕಿಸಿ ಪೂಜೆ ಮಾಡುವ ಕೋವಿಗೆ ಲೈಸೆನ್ಸಿನಿಂದ ವಿನಾಯಿತಿ ಇರಬಹುದು, ಆದರೆ 1959ರ ಆಯುಧ ಕಾಯ್ದೆಯಲ್ಲಿ ಕೋವಿಯ ದುರಸ್ತಿ ಕೆಲಸಕ್ಕೇ ಬೇರೆ ಲೈಸೆನ್ಸು ಬೇಕು. ಊರಿನ ಬಡಗಿಗೆ ಕೋವಿ ಕೊಟ್ಟು ಬರುವ ಹಾಗಿಲ್ಲ.

ಇಷ್ಟೆಲ್ಲ ಬರೆದದ್ದು ನಿಮ್ಮ ಮಗಳ ಸಲುವಾಗಿ, ಭಾವ. ಅವಳು ಅಭ್ಯಾಸ ಮಾಡುವುದೂ ಪಾಯಿಂಟ್ ಟೂ ಟೂ ರೈಫಲಿನಲ್ಲೇ. 50 ಮೀಟರಿನ ಆ ಗುರಿ ಹೊಡೆಯುವ ಆಟದಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕೊಲ್ಲಾಪುರ ಸೀಮೆಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಇದೇ ದೂರದಲ್ಲಿ. ಅಲ್ಲಿ ರೈಫಲ್ 8 ಕಿಲೋವರೆಗೂ ತೂಗಬಹುದು; ಅಷ್ಟು ಭಾರ ಇದ್ದರೂ ಹಿಡಿ, ಕೆನ್ನೆ ಆನಿಸುವ ಪಟ್ಟಿ, ಭುಜದ ಕೊಕ್ಕೆ ಎಲ್ಲವನ್ನೂ ಹೊಡೆಯುವವರ ಮೈಗೆ ತಕ್ಕಂತೆ ಹೊಂದಿಸಿಕೊಳ್ಳುತ್ತಾರೆ. ಅವಳಿಗೆ ಕೊಟ್ಟಿರುವುದು ದೊಡ್ಡವರ ಅಳತೆಯ ಬಟ್ಟು. ಟ್ರಿಗರಿನಿಂದ ಬಟ್ಟಿನ ಹಿಂಬದಿಗೆ ದೊಡ್ಡವರಿಗೆ 34–35 ಸೆಂಟಿಮೀಟರ್ ಸರಿ. ಅವಳ ಕೈಗೆ ಅದು ಉದ್ದವಾಯಿತು, ಬೆರಳು ಟ್ರಿಗರಿಗೆ ಎಟಕದೆ ಮಣಿಕಟ್ಟು ತಿರುಚಿಕೊಳ್ಳುತ್ತಾಳೆ. ಅವಳ ಗುರಿ ಎಡಕ್ಕೆ ಹೋಗುತ್ತಿದೆ ಎಂದು ಬೈಯುವ ಮೊದಲು ಲೈಸೆನ್ಸ್ ಇರುವ ಕೋವಿ ಅಂಗಡಿಗೆ ಅವಳನ್ನೂ ಕರೆದುಕೊಂಡು ಹೋಗಿ, ಭುಜಕ್ಕೇರಿಸಿ ಬೆರಳಿನಿಂದ ಅಳತೆ ತೆಗೆಸಿ. ಮುಂದಿನ ಸ್ಪರ್ಧೆಯ ಹೊತ್ತಿಗೆ ಬಟ್ಟು ಮತ್ತು ಹಿಡಿ ಅವಳ ಅಳತೆಗೆ ಬಂದಿರಲಿ. ಖರ್ಚಿನ ಅರ್ಧ ಇಲ್ಲಿಂದ ಬರುತ್ತದೆ, ಬೇಡ ಎನ್ನಬೇಡಿ.